ಬೈಕ್ ಹೆಡ್‌ಲೈಟ್ ಒಳಗೆ ಮಂಜು: ಯಾವುದು ಸಹಜ, ಯಾವಾಗ ರಿಪೇರಿ ಬೇಕು?

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಬೈನಲ್ಲಿ ಬೈಕ್ ಓಡಿಸುವವರಿಗೆ ಗುಂಡಿ, ಟ್ರಾಫಿಕ್ ಜೊತೆಗೆ ಮತ್ತೊಂದು ತಲೆನೋವು ಇದೆ. ಹೆಡ್‌ಲೈಟ್ ಗಾಜಿನ ಒಳಗೆ ಮಂಜು ಕಟ್ಟಿ ಬೆಳಕು ಮಂಕಾಗುತ್ತದೆ. ರಾತ್ರಿ ಹೊತ್ತು ನೀರು ತುಂಬಿದ ಗುಂಡಿ ಕಾಣದೇ ಹೋದರೆ ಅಪಾಯ ತಪ್ಪಿದ್ದಲ್ಲ. ಹಾಗೆಂದು ಕೂಡಲೇ ಹೊಸ ಹೆಡ್‌ಲೈಟ್ ಹಾಕಿಸುವುದಾಗಲಿ, ಸಿಲಿಕಾನ್ ಅಂಟಿನಿಂದ ಎಲ್ಲ ರಂಧ್ರ ಮುಚ್ಚುವುದಾಗಲಿ ಸರಿಯಲ್ಲ. ಒಳಗಿರುವುದು ಮಂಜೋ, ನೀರೋ ಎಂಬುದನ್ನು ಮೊದಲು ನೋಡಬೇಕು.

ಮಂಜು ಕಟ್ಟುವುದೇಕೆ?

ಹೆಡ್‌ಲೈಟ್ ಪೂರ್ತಿ ಮುಚ್ಚಿದ ಡಬ್ಬಿಯಲ್ಲ. ಗಾಳಿಯಾಡಲು ಅದರ ಹಿಂಭಾಗದಲ್ಲಿ ಸಣ್ಣ ರಂಧ್ರ ಅಥವಾ ರಬ್ಬರ್ ಕೊಳವೆ ಇರುತ್ತದೆ. ಬಲ್ಬ್ ಉರಿದಾಗ ಒಳಗಿನ ಗಾಳಿ ಬಿಸಿಯಾಗಿ ಹಿಗ್ಗಿ ಹೊರಹೋಗುತ್ತದೆ. ತಣ್ಣಗಾದಾಗ ಹೊರಗಿನ ಗಾಳಿ ಒಳಬರುತ್ತದೆ. ಮಳೆಗಾಲದ ಮುಂಬೈನಲ್ಲಿ ಆ ಗಾಳಿಯ ತುಂಬಾ ತೇವಾಂಶ. ಅದು ತಣ್ಣನೆಯ ಗಾಜಿಗೆ ತಾಗಿ ಹನಿಗಟ್ಟುತ್ತದೆ.

ಭಾರತದಲ್ಲಿ 2017ರ ಏಪ್ರಿಲ್ 1ರಿಂದ ಹೊಸ ದ್ವಿಚಕ್ರ ವಾಹನಗಳಿಗೆ ಎಂಜಿನ್ ಚಾಲೂ ಆದೊಡನೆ ದೀಪ ತಾನಾಗಿ ಉರಿಯುವ ವ್ಯವಸ್ಥೆ ಕಡ್ಡಾಯ. ಹೀಗಾಗಿ ಹಗಲಲ್ಲೂ ಹೆಡ್‌ಲೈಟ್ ಬಿಸಿಯಾಗಿರುತ್ತದೆ. ಅದರ ಮೇಲೆ ದಿಢೀರ್ ಮಳೆ ಸುರಿದರೆ ಮಂಜು ಬೇಗ ಕಾಣಿಸುತ್ತದೆ. ಎಲ್‌ಇಡಿ ದೀಪದ ಶಾಖ ಹಿಂಬದಿಗೆ ಹೋಗುವುದರಿಂದ ಗಾಜು ಅಷ್ಟಾಗಿ ಬಿಸಿಯಾಗದು. ಅಲ್ಲಿ ಮಂಜು ಆರಲು ಹ್ಯಾಲೊಜನ್ ದೀಪಕ್ಕಿಂತ ಹೆಚ್ಚು ಹೊತ್ತು ಬೇಕು.

ಯಾವಾಗ ಚಿಂತಿಸಬೇಕು?

ತೆಳುವಾದ ಮಂಜು ಸವಾರಿಯ ವೇಳೆ ಅಥವಾ ಒಣ ಹವೆಯಲ್ಲಿ ತಾನಾಗಿ ಆರಿದರೆ ಅದು ಸಹಜ. ದೊಡ್ಡ ಹನಿಗಳು ಇಳಿಯುತ್ತಿದ್ದರೆ, ತಳದಲ್ಲಿ ನೀರು ನಿಂತಿದ್ದರೆ ಅಥವಾ ಒಂದೆರಡು ದಿನವಾದರೂ ಮಂಜು ಆರದಿದ್ದರೆ ಎಲ್ಲೋ ಸೋರಿಕೆ ಇದೆ ಎಂದರ್ಥ. ಹಾಗೇ ಬಿಟ್ಟರೆ ರಿಫ್ಲೆಕ್ಟರ್‌ನ ಹೊಳಪು ಹೋಗುತ್ತದೆ, ಬಲ್ಬ್ ಕನೆಕ್ಟರ್ ತುಕ್ಕು ಹಿಡಿಯುತ್ತದೆ.

ಸರಿಪಡಿಸುವುದು ಹೇಗೆ?

* ವಾರಂಟಿ ಇದ್ದರೆ ಬಿಚ್ಚುವ ಮೊದಲು ಅಧಿಕೃತ ಸರ್ವಿಸ್ ಸೆಂಟರ್‌ಗೆ ತೋರಿಸಿ.
* ಬಲ್ಬ್ ಹಿಂದಿನ ರಬ್ಬರ್ ಮುಚ್ಚಳ ನೋಡಿ. ಬಲ್ಬ್ ಬದಲಿಸಿದ ಮೇಲೆ ಅದು ಸರಿಯಾಗಿ ಕೂರದಿರುವುದು ಸಾಮಾನ್ಯ. ಬಿರುಕು ಬಿಟ್ಟಿದ್ದರೆ ಬದಲಿಸಿ.
* ಗಾಳಿಯಾಡುವ ಕೊಳವೆಯಲ್ಲಿ ಕೆಸರು ಕಟ್ಟಿದ್ದರೆ ತೆಗೆಯಿರಿ.
* ದೀಪ ತಣ್ಣಗಾದ ಮೇಲಷ್ಟೇ ಬಲ್ಬ್ ಹೊರತೆಗೆಯಿರಿ. ಹ್ಯಾಲೊಜನ್ ಬಲ್ಬ್‌ನ ಗಾಜನ್ನು ಬರಿಗೈಯಲ್ಲಿ ಮುಟ್ಟಬೇಡಿ. ಕೈಯ ಜಿಡ್ಡು ಅಂಟಿದರೆ ಬಲ್ಬ್ ಬೇಗ ಹಾಳಾಗುತ್ತದೆ.
* ಹೇರ್ ಡ್ರೈಯರ್ ಅನ್ನು ಕಡಿಮೆ ಬಿಸಿಯಲ್ಲಿ, ದೂರದಿಂದ ಹಿಡಿದು ಒಣಗಿಸಿ. ರಿಫ್ಲೆಕ್ಟರ್ ಅನ್ನು ಬಟ್ಟೆಯಿಂದ ಒರೆಸಿದರೆ ಅದರ ಲೇಪ ಕಿತ್ತುಬರುತ್ತದೆ.
* ಸಿಲಿಕಾ ಜೆಲ್ ಪೊಟ್ಟಣವನ್ನು ರಾತ್ರಿಯಿಡೀ ಒಳಗಿಡಬಹುದು. ದೀಪ ಹಚ್ಚುವ ಮೊದಲು ತಪ್ಪದೇ ಹೊರತೆಗೆಯಿರಿ.
* ಗಾಜು ಮತ್ತು ಕವಚ ಸೇರುವ ಅಂಚಿನಲ್ಲಿ ಬಿರುಕಿದ್ದರೆ, ಪೂರ್ತಿ ಒಣಗಿದ ಮೇಲೆ ಮಾತ್ರ ಸಿಲಿಕಾನ್ ಹಚ್ಚಿ. ಗಾಳಿ ರಂಧ್ರ ಮುಚ್ಚಬೇಡಿ. ಮುಚ್ಚಿದರೆ ಒಳಗಿನ ತೇವ ಅಲ್ಲೇ ಉಳಿಯುತ್ತದೆ.
* ಎಲ್‌ಇಡಿ ಘಟಕವನ್ನು ಮನೆಯಲ್ಲಿ ಬಿಚ್ಚಬೇಡಿ.

ನೀರು ನುಗ್ಗದಂತೆ ಎಚ್ಚರಿಕೆ

ವಾಟರ್ ವಾಶ್ ಮಾಡಿಸುವಾಗ ರಭಸದ ನೀರನ್ನು ಹೆಡ್‌ಲೈಟ್ ಅಂಚಿಗೆ ನೇರವಾಗಿ ಹಾಯಿಸದಂತೆ ಹೇಳಿ. ಹಿಂದ್‌ಮಾತಾ, ಮಿಲನ್ ಸಬ್‌ವೇ, ಅಂಧೇರಿ ಸಬ್‌ವೇಯಂಥ ಕಡೆ ನೀರು ನಿಂತಿದ್ದರೆ ಬೈಕ್ ಇಳಿಸದಿರುವುದೇ ಒಳ್ಳೆಯದು. ಬಿಸಿ ಹೆಡ್‌ಲೈಟ್ ನೀರಲ್ಲಿ ಮುಳುಗಿ ತಟ್ಟನೆ ತಣ್ಣಗಾದರೆ ಅದೇ ಗಾಳಿ ರಂಧ್ರ ನೀರನ್ನೂ ಒಳಗೆಳೆದುಕೊಳ್ಳುತ್ತದೆ.

ರಿಪೇರಿ ಬಳಿಕ ಪೈಪ್‌ನಿಂದ ಕೆಲ ನಿಮಿಷ ಮೆಲ್ಲಗೆ ನೀರು ಬಿಟ್ಟು ಪರೀಕ್ಷಿಸಿ. ಮತ್ತೆ ಹನಿ ಕಂಡರೆ ಹೆಡ್‌ಲೈಟ್ ಬದಲಿಸುವುದೇ ದಾರಿ. ಅಲ್ಲಿಯವರೆಗೆ ರಾತ್ರಿ ಸವಾರಿ ಬೇಡ.