ಕಸಬರಿಗೆಯೂ ಧೂಳುಹೀರುವ ಯಂತ್ರವೂ: ಹೆಗ್ಗರಣೆಯ ಹಿನ್ನೆಲೆಯಲ್ಲಿ ಒಂದು ವಿಚಾರ

ನಮ್ಮ ನಾಡಿನ ಇತಿಹಾಸಕಾರರು ಶಾಸನ, ನಾಣ್ಯ, ಕೈಫಿಯತ್ತುಗಳನ್ನು ಶ್ರದ್ಧೆಯಿಂದ ಸಂಗ್ರಹಿಸಿದ್ದಾರೆ. ಆದರೆ ಮನೆಯೊಳಗೆ ದಿನವೂ ಬಳಕೆಯಾಗಿ, ಸವೆದು, ತಿಪ್ಪೆ ಸೇರುವ ಉಪಕರಣಗಳತ್ತ ಅವರ ದೃಷ್ಟಿ ಹರಿದುದು ವಿರಳ. ಪಾಶ್ಚಾತ್ಯ ದೇಶಗಳಲ್ಲಿ ಹಳೆಯ ವ್ಯಾಕ್ಯೂಮ್ ಕ್ಲೀನರುಗಳನ್ನು ಕೂಡಿಸಿ ದುರಸ್ತಿಗೊಳಿಸುವ ಆಸಕ್ತರ ಬಳಗವೇ ಇದೆ. ಈ ಹವ್ಯಾಸದಿಂದ ಸಿದ್ಧಾಪುರ ತಾಲ್ಲೂಕಿನ ಹೆಗ್ಗರಣೆಯಂತಹ ಅಡಕೆಯ ಸೀಮೆಯ ಚರಿತ್ರೆಯನ್ನು ಅಭ್ಯಸಿಸುವವರು ಕಲಿಯಬೇಕಾದುದೇನು ಎಂಬುದನ್ನು ನಾವಿಲ್ಲಿ ವಿವೇಚಿಸುತ್ತೇವೆ.

ಧೂಳನ್ನು ಊದಿ ಚದುರಿಸುವುದಕ್ಕೆ ಬದಲಾಗಿ ಹೀರಿ ತೆಗೆಯುವ ಶಕ್ತಿಚಾಲಿತ ಯಂತ್ರವನ್ನು 1901ರಲ್ಲಿ ರೂಪಿಸಿದವನು ಇಂಗ್ಲೆಂಡಿನ ಹ್ಯೂಬರ್ಟ್ ಸೆಸಿಲ್ ಬೂತ್. ಕುದುರೆಗಾಡಿಯ ಮೇಲೆ ಬರುತ್ತಿದ್ದ ಆ ಬೃಹದ್ಯಂತ್ರ ಬೀದಿಯಲ್ಲಿಯೇ ನಿಲ್ಲುತ್ತಿತ್ತು. ಕಿಟಕಿಯ ಮೂಲಕ ಕೊಳವೆಗಳು ಮಾತ್ರ ಮನೆಯೊಳಕ್ಕೆ ಹೋಗುತ್ತಿದ್ದವು. ಅಮೆರಿಕದ ಕ್ಯಾಂಟನ್ ಪಟ್ಟಣದಲ್ಲಿ ಕಟ್ಟಡದ ಜವಾನನಾಗಿದ್ದ ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್ ಕೈಯಲ್ಲಿ ನಡೆಸಬಹುದಾದ ವಿದ್ಯುತ್ ಯಂತ್ರವೊಂದಕ್ಕೆ 1908ರಲ್ಲಿ ಹಕ್ಕುಪತ್ರ ಪಡೆದನು. ಗುಡಿಸುವಾಗ ಏಳುವ ಧೂಳಿನಿಂದ ಉಸಿರಾಟದ ಬಾಧೆಯುಂಟಾಗುತ್ತಿದ್ದುದೇ ಅವನ ಶೋಧಕ್ಕೆ ಪ್ರೇರಣೆ. ಆ ಹಕ್ಕನ್ನು ಕೊಂಡ ಹೂವರ್ ಮನೆತನದ ಹೆಸರೇ ಮುಂದೆ ಲೋಕಪ್ರಸಿದ್ಧವಾಯಿತು. ಶೋಧಕನ ಹೆಸರು ಮರೆಯಾಗಿ ಮಾರಾಟಗಾರನ ಹೆಸರು ಉಳಿದುದು ಗಮನಾರ್ಹ.

ಈ ಯಂತ್ರ ನೆಲಹಾಸಿನ ಸಂಸ್ಕೃತಿಯ ಶಿಶು. ದಪ್ಪ ಜಮಖಾನೆಯ ಎಳೆಗಳೊಳಗೆ ಹುದುಗಿದ ಧೂಳನ್ನು ತೆಗೆಯುವುದೇ ಅದರ ಮೂಲೋದ್ದೇಶ. ಮಲೆನಾಡಿನ ಹಳೆಯ ಮನೆಯಲ್ಲಾದರೋ ನೆಲ ಮಣ್ಣಿನದು, ಸಗಣಿಯಿಂದ ಸಾರಿಸಿದುದು. ಅಂಗಳದಲ್ಲಿ ಬೀಳುವುದು ತರಗೆಲೆ ಮತ್ತು ಅಡಕೆಯ ಸಿಪ್ಪೆ. ಅಲ್ಲಿ ಕಸಬರಿಗೆಗೆ ಸಮನಾದ ಸಾಧನ ಬೇರೊಂದಿರಲಿಲ್ಲ. ವಿದ್ಯುತ್ತಿನ ಕಥೆಯನ್ನೂ ಇಲ್ಲಿ ನೆನೆಯಬೇಕು. ಸಿದ್ಧಾಪುರಕ್ಕೆ ನೆರೆಯಾದ ಜೋಗದಲ್ಲಿ 1948ರಲ್ಲಿ ವಿದ್ಯುದಾಗಾರ ಆರಂಭವಾದಾಗ ಅದು ಮೈಸೂರಿನದು. ಉತ್ತರ ಕನ್ನಡವಾದರೋ 1956ರವರೆಗೆ ಮುಂಬಯಿಗೆ ಸೇರಿತ್ತು. ನಮ್ಮ ದೇಶದ ಮಧ್ಯಮವರ್ಗದ ಮನೆಗಳಲ್ಲಿ ಈ ಯಂತ್ರದ ಪ್ರಚಾರ ಹೆಚ್ಚಿದುದು 1982ರಲ್ಲಿ ಯುರೇಕಾ ಫೋರ್ಬ್ಸ್ ಸ್ಥಾಪಿತವಾಗಿ, ಅದರ ಮಾರಾಟಗಾರರು ಮನೆಬಾಗಿಲಿಗೆ ಬರತೊಡಗಿದ ಮೇಲೆ. ಆದುದರಿಂದ ಯಂತ್ರದ ಹಿಂದೆ ವಿದ್ಯುತ್ತು, ಗಾರೆ ಅಥವಾ ಕಲ್ಲುಹಾಸಿನ ನೆಲ, ಸಂಬಳದ ಹಣ—ಈ ಮೂರರ ಚರಿತ್ರೆಯೂ ಅಡಗಿದೆ.

ಇನ್ನು ಜೀರ್ಣೋದ್ಧಾರದ ವಿಚಾರ. ಹಳೆಯ ಯಂತ್ರವನ್ನು ದೊರೆತೊಡನೆ ವಿದ್ಯುತ್ತಿಗೆ ಜೋಡಿಸಬಾರದು. ತಂತಿಯ ರಬ್ಬರು ಹೊದಿಕೆ ಕಾಲಾಂತರದಲ್ಲಿ ಪುಡಿಯಾಗಿರುತ್ತದೆ. ಮೋಟಾರಿನ ಇದ್ದಿಲ ಬ್ರಷ್ಷುಗಳು, ಪಟ್ಟಿ, ಬೇರಿಂಗುಗಳು ಸವೆಯುವ ಭಾಗಗಳಾದ ಕಾರಣ ಅವನ್ನು ಬದಲಿಸುವುದು ದೋಷವಲ್ಲ. ಆದರೆ ಬಟ್ಟೆಯ ಚೀಲ, ಬೇಕಲೈಟಿನ ಹಿಡಿ, ಲೋಹದ ಮೇಲಣ ಮೂಲಬಣ್ಣ ಇವು ಸಾಕ್ಷ್ಯಗಳು. ಹೊಳಪಿನ ಆಸೆಯಿಂದ ಇವನ್ನು ಉಜ್ಜಿ ತೆಗೆದರೆ ಬಳಸಿದವರ ಕೈಗುರುತೂ ಅಳಿಯುತ್ತದೆ. ತೆಗೆದ ಭಾಗವನ್ನು ಕಾದಿಡುವುದು, ಮಾಡಿದ ಬದಲಾವಣೆಯನ್ನು ಬರೆದಿಡುವುದು—ಇವೆರಡೂ ಅವಶ್ಯ. ಶಾಸನಪಾಠದಲ್ಲಿ ಅಳಿದ ಅಕ್ಷರವನ್ನು ಆವರಣದಲ್ಲಿ ಸೂಚಿಸುವ ಶಿಸ್ತೇ ಇಲ್ಲಿಯೂ ಸಲ್ಲುತ್ತದೆ.

ಇಲ್ಲಿ ಒಂದು ವೈಷಮ್ಯ ಕಣ್ಣಿಗೆ ಬೀಳುತ್ತದೆ. ಲೋಹದ ಯಂತ್ರಕ್ಕೆ ಕ್ರಮಾಂಕವಿದೆ, ಹಕ್ಕುಪತ್ರವಿದೆ, ಜಾಹೀರಾತಿದೆ. ಅದು ನೂರು ವರ್ಷಗಳ ತರುವಾಯವೂ ಉಳಿಯುತ್ತದೆ. ತೆಂಗಿನ ಗರಿಯ ಕಡ್ಡಿಗಳನ್ನು ಹೆರೆದು ಕಟ್ಟಿದ ಹಿಡಿಸೂಡಿ ಕೆಲವೇ ತಿಂಗಳುಗಳಲ್ಲಿ ಸವೆದು ಒಲೆ ಸೇರುತ್ತದೆ. ಅದನ್ನು ಕಟ್ಟಿದ, ಹಿಡಿದ ಕೈಗಳು ಬಹುಮಟ್ಟಿಗೆ ಹೆಂಗಸರವು ಮತ್ತು ಕೂಲಿಯವರವು. ಅವರ ಶ್ರಮ ದಾಖಲೆಗಳಲ್ಲಿ ಕಾಣಿಸುವುದು ಅಪರೂಪ. ಉಳಿದುದನ್ನು ಮಾತ್ರ ಸಂಗ್ರಹಿಸುವವನು, ಉಳಿಯಲಾರದುದನ್ನು ಇರಲೇ ಇಲ್ಲವೆಂದು ಭಾವಿಸುವ ಅಪಾಯವಿದೆ.

ಎಚ್. ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕವು ಗೃಹೋಪಕರಣಗಳಿಗೂ ಸಂಗ್ರಹಾಲಯದಲ್ಲಿ ಸ್ಥಾನವುಂಟೆಂದು ತೋರಿಸಿಕೊಟ್ಟಿದೆ. ಆ ಮಾರ್ಗವನ್ನು ಊರೂರಿಗೆ ವಿಸ್ತರಿಸುವುದು ಕಾಲೇಜುಗಳಿಂದ ಆಗಬಹುದಾದ ಕೆಲಸ. ಹೆಗ್ಗರಣೆಯ ಆಸುಪಾಸಿನ ವಿದ್ಯಾರ್ಥಿಗಳು ಅಟ್ಟದ ಮೇಲಿರುವ ಕೆಟ್ಟ ಯಂತ್ರವನ್ನು ಗುಜರಿಗೆ ಹಾಕುವ ಮೊದಲು ಅದರ ಕ್ರಮಾಂಕವನ್ನೂ ಕೊಂಡವರ ನೆನಪನ್ನೂ ಬರೆದಿಡಲಿ. ಜೊತೆಗೆ, ಕಸಬರಿಗೆ ಕಟ್ಟುವ ವಿಧಾನವನ್ನು ಬಲ್ಲ ಹಿರಿಯರಿಂದ ಕಡ್ಡಿಯ ಆಯ್ಕೆ, ಕಟ್ಟಿನ ಬಗೆ, ಪದಗಳು ಇವನ್ನೂ ಕೇಳಿ ಬರೆದುಕೊಳ್ಳಲಿ. ಯಂತ್ರ ಇನ್ನಷ್ಟು ಕಾಲ ಕಾಯಬಲ್ಲದು. ಆ ಹಿರಿಯರ ನೆನಪು ಕಾಯಲಾರದು.