ಮಳೆಗಾಲದಲ್ಲಿ ಮರಕ್ಕೆ ಪಾಲಿಶ್: ಬಿಳಿ ಮಸುಕು ಬರುವುದೇಕೆ?

ಹೊಸ ಮನೆಯ ತೇಗದ ಬಾಗಿಲಿಗೆ ಲ್ಯಾಕರ್ ಹೊಡೆಸಿ ಕೆಲವೇ ನಿಮಿಷಗಳಲ್ಲಿ ಹಾಲು ಚೆಲ್ಲಿದಂತೆ ಬಿಳಿ ಮಸುಕು ಕಾಣಿಸುತ್ತದೆ. ಕೊಚ್ಚಿ, ತಿರುವನಂತಪುರದಲ್ಲಿ ಇದು ಮಳೆಗಾಲದ ಮಾಮೂಲಿ ತಲೆನೋವು. ನಮ್ಮ ಕರಾವಳಿಯವರಿಗೂ ಹೊಸದಲ್ಲ. ಡಬ್ಬಿಯನ್ನೋ ಕೆಲಸಗಾರನನ್ನೋ ಬೈಯುವ ಮೊದಲು ಅಂದಿನ ಹವೆ ನೋಡಿ.

ಲ್ಯಾಕರ್‌ನ ತಿನ್ನರ್ ಬೇಗ ಆವಿಯಾಗುವಾಗ ಮರದ ಮೇಲ್ಮೈ ತಣ್ಣಗಾಗುತ್ತದೆ. ಗಾಳಿ 30 ಡಿಗ್ರಿ ಸೆಲ್ಸಿಯಸ್, ತೇವಾಂಶ ಶೇ. 85 ಇದ್ದರೆ ಮೇಲ್ಮೈ ಸುಮಾರು 27 ಡಿಗ್ರಿಗೆ ಇಳಿದರೂ ಸಾಕು, ಇಬ್ಬನಿ ಕಟ್ಟುತ್ತದೆ. ತೇವಾಂಶ ಶೇ. 60 ಇದ್ದರೆ ಸುಮಾರು 21 ಡಿಗ್ರಿಗೆ ಇಳಿಯಬೇಕು. ಪದರದೊಳಗೆ ಸಿಕ್ಕಿಬಿದ್ದ ಈ ನೀರೇ ಬಿಳಿಯಾಗಿ ಕಾಣುವುದು. ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿದ ಫ್ರೆಂಚ್ ಪಾಲಿಶ್‌ಗೂ ಇದೇ ಗತಿ. ಎರಡು ಡಬ್ಬಿ ಬೆರೆಸುವ ಪಿಯು ಕತೆ ಬೇರೆ: ಅದರ ಹಾರ್ಡ್‌ನರ್ ತೇವದೊಂದಿಗೆ ಸೇರಿ ಕಾರ್ಬನ್ ಡೈಆಕ್ಸೈಡ್ ಬಿಡುವುದರಿಂದ ಗುಳ್ಳೆ ಏಳುತ್ತವೆ.

ಮರವೂ ಸುಮ್ಮನಿರುವುದಿಲ್ಲ. ಶೇ. 65 ತೇವಾಂಶದಲ್ಲಿ ಸುಮಾರು ಶೇ. 12ರಷ್ಟು ನೀರು ಹಿಡಿದಿರುವ ಮರ, ಶೇ. 85ರಲ್ಲಿ ವಾರಗಟ್ಟಲೆ ಇದ್ದರೆ ಶೇ. 17 ದಾಟುತ್ತದೆ. ಆಗ ಪಾಲಿಶ್ ಹಾಕಿದರೆ ಜನವರಿಯಲ್ಲಿ ಮರ ಕುಗ್ಗಿ ಸಂದುಗಳಲ್ಲಿ ಬಿರುಕು ಬಿಡಬಹುದು.

ಕೇರಳಕ್ಕೆ ಮುಂಗಾರು ಸಾಮಾನ್ಯವಾಗಿ ಜೂನ್ 1ರ ಸುಮಾರಿಗೆ ಬರುತ್ತದೆ. ಕರ್ಕಾಟಕ ಮಾಸ ಕಳೆದು ಚಿಂಗದಲ್ಲಿ, ಓಣಂ ಹೊತ್ತಿಗೆ ಗೃಹಪ್ರವೇಶ ಇಟ್ಟುಕೊಂಡವರ ಬಾಗಿಲಿಗೆ ಪಾಲಿಶ್ ಬೀಳುವುದು ಸರಿಯಾಗಿ ಜಡಿಮಳೆಯಲ್ಲಿ. ತಿರುವನಂತಪುರದಲ್ಲಿ ಮಳೆ ಕೊಚ್ಚಿಗಿಂತ ಕಡಿಮೆ, ಆದರೆ ಕಡಲ ಗಾಳಿ ಎರಡೂ ಕಡೆ ಇದೆ. ಮಳೆ ನಿಂತಿತೆಂದು ಬ್ರಷ್ ಹಿಡಿಯಬೇಡಿ. ತೇವಮಾಪಕ ಗೋಡೆಯಲ್ಲಿದ್ದರೆ ಊಹೆಯ ಗೋಜಿಲ್ಲ. ಬೆಳಗಿನ ಜಾವ ತೇವ ಹೆಚ್ಚು, ಹತ್ತು ಗಂಟೆಯ ನಂತರ ಇಳಿಯತೊಡಗುತ್ತದೆ. ಅಕ್ಟೋಬರ್-ನವೆಂಬರ್‌ನ ತುಲಾವರ್ಷದಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಸಾಮಾನ್ಯ, ಹಾಗಾಗಿ ಅಷ್ಟರೊಳಗೆ ಕೈ ತೊಳೆದುಕೊಳ್ಳಿ. ಜನವರಿ-ಫೆಬ್ರವರಿಯಷ್ಟು ಒಳ್ಳೆಯ ಕಾಲ ಇನ್ನೊಂದಿಲ್ಲ. ಏಪ್ರಿಲ್ ಬಿಸಿಲಲ್ಲಿ ಕಾದ ಹಲಗೆಗೆ ಹಚ್ಚಿದರೆ ಹರಡುವ ಮೊದಲೇ ಒಣಗಿ ಬ್ರಷ್ ಗೆರೆ ಉಳಿಯುತ್ತದೆ, ನೆರಳಿಗೆ ತನ್ನಿ.

ಮಳೆಯಲ್ಲೇ ಮಾಡಲೇಬೇಕಾದರೆ ಅದೇ ಕಂಪನಿಯ ನಿಧಾನವಾಗಿ ಆರುವ ತಿನ್ನರ್ ಬಳಸಿ, ತೆಳುವಾಗಿ ಹೊಡೆಸಿ, ಮೊದಲು ತುಂಡು ಹಲಗೆಯ ಮೇಲೆ ನೋಡಿ. ಎಸಿ ಕೋಣೆಯಿಂದ ತಂದ ತಣ್ಣನೆ ಮರಕ್ಕೆ ಹೊರಗಿನ ಗಾಳಿಯಲ್ಲಿ ತಕ್ಷಣ ಹಚ್ಚಬೇಡಿ. ಒಣಗಿಸಲು ಹೀಟರ್ ಇಡುವುದಂತೂ ಬೇಡವೇ ಬೇಡ, ತಿನ್ನರ್ ಆವಿಗೆ ಬೆಂಕಿ ಹತ್ತೀತು.

ಲ್ಯಾಕರ್ ಈಗಾಗಲೇ ಬೆಳ್ಳಗಾಗಿದ್ದರೆ ಕೆರೆದು ತೆಗೆಯುವ ಆತುರ ಬೇಡ. ಒಣಹವೆಯ ದಿನ ಅದೇ ನಿಧಾನದ ತಿನ್ನರನ್ನು ಮಂಜಿನಂತೆ ಸಿಂಪಡಿಸಿದರೆ ಪದರ ಮತ್ತೆ ಕರಗಿ, ಒಳಗಿನ ನೀರು ಹೊರಹೋಗಿ, ಹಲವು ಸಲ ಮರದ ಬಣ್ಣ ಮರಳುತ್ತದೆ.