ಅಪಹರಿಸಿದವನೇ ನಾಯಕನಾದ ಬಗೆ

ನಮ್ಮ ಆಲಂಕಾರಿಕರು ನಾಯಕರನ್ನು ಧೀರೋದಾತ್ತ, ಧೀರಲಲಿತ, ಧೀರಶಾಂತ, ಧೀರೋದ್ಧತರೆಂದು ನಾಲ್ಕು ಬಗೆಯಾಗಿ ವಿಂಗಡಿಸಿದ್ದಾರೆ. ಕಾವ್ಯವನ್ನೋದುವ ವಿದ್ಯಾರ್ಥಿಗಳಿಗೆ ಈ ಹೆಸರುಗಳು ಹೊಸವಲ್ಲ. ಆದರೆ ಈ ನಾಲ್ಕರೊಳಗೆ ಅಡಗದ ಮತ್ತೊಬ್ಬ ನಾಯಕನನ್ನು ಪಾಶ್ಚಾತ್ಯ ಚಲಚ್ಚಿತ್ರವು ಕಳೆದ ನೂರು ವರ್ಷಗಳಲ್ಲಿ ಬೆಳೆಸಿದೆ. ಅವನು ಹೆಣ್ಣನ್ನು ಬಲಾತ್ಕಾರದಿಂದ ಒಯ್ಯುವನು. ಆಕೆ ಒಲ್ಲೆನೆಂದರೆ ಕೇಳನು. ಆದರೂ ಕಥೆ ಮುಗಿಯುವ ಹೊತ್ತಿಗೆ ಆಕೆಯ ಪ್ರಿಯನೂ ನೋಡುವವರ ಕಣ್ಮಣಿಯೂ ಆಗಿರುವನು. ಜನಪ್ರಿಯ ಶೃಂಗಾರ ಕಾದಂಬರಿಯ ಪುಟದಿಂದ ಇವನು ತೆರೆಯ ಮೇಲೆ ಬಂದ ಬಗೆಯನ್ನು ಇಲ್ಲಿ ವಿಚಾರಿಸಬೇಕೆಂದಿದ್ದೇವೆ.

ಈ ಪರಂಪರೆಯಲ್ಲಿ ಬಹು ಪ್ರಸಿದ್ಧವಾದ ಮೊದಲ ಕೃತಿ ‘ದಿ ಶೇಖ್’. ಇಂಗ್ಲೆಂಡಿನ ಡರ್ಬಿಶೈರ್ ಪ್ರಾಂತದ ಗೃಹಿಣಿ ಎಡಿತ್ ಮಾಡ್ ಹಲ್ ಇದನ್ನು ಬರೆದರು. ಮೊದಲನೆಯ ಮಹಾಯುದ್ಧ ನಿಂತ ಮರುವರ್ಷ, 1919ರಲ್ಲಿ, ಅದು ಪ್ರಕಟವಾಯಿತು. ಡಯಾನಾ ಮೇಯೊ ಎಂಬ ಸ್ವತಂತ್ರ ಸ್ವಭಾವದ ಇಂಗ್ಲಿಷ್ ತರುಣಿ ಅಲ್ಜೀರಿಯದ ಮರುಭೂಮಿಯಲ್ಲಿ ಪ್ರವಾಸ ಹೊರಡುತ್ತಾಳೆ. ಅಹಮದ್ ಬೆನ್ ಹಸನ್ ಎಂಬ ಶೇಖನು ಆಕೆಯನ್ನು ಸೆರೆಹಿಡಿದು ತನ್ನ ಡೇರೆಯಲ್ಲಿಟ್ಟುಕೊಂಡು ಬಲಾತ್ಕರಿಸುತ್ತಾನೆ. ಕೆಲವು ತಿಂಗಳು ಕಳೆಯುವಷ್ಟರಲ್ಲಿ ಆಕೆ ಅವನನ್ನೇ ಪ್ರೀತಿಸತೊಡಗುತ್ತಾಳೆ. ಕೊನೆಯಲ್ಲಿ ಅವನು ಅರಬನೇ ಅಲ್ಲವೆಂದೂ, ಇಂಗ್ಲಿಷ್ ಶ್ರೀಮಂತನಿಗೆ ಸ್ಪೇನ್ ದೇಶದ ಸ್ತ್ರೀಯಲ್ಲಿ ಹುಟ್ಟಿದವನೆಂದೂ ತಿಳಿದುಬರುತ್ತದೆ. ಮಾಡಿದ ಅಪರಾಧಕ್ಕೆ ಜನ್ಮದ ಪರಿಹಾರ! ಪುಸ್ತಕವು ಲಕ್ಷಗಟ್ಟಲೆ ಮಾರಾಟವಾಯಿತು; ಅದನ್ನೋದಿದವರಲ್ಲಿ ಸ್ತ್ರೀಯರೇ ಹೆಚ್ಚು.

1921ರಲ್ಲಿ ಜಾರ್ಜ್ ಮೆಲ್ಫರ್ಡ್ ಇದನ್ನು ಮೂಕಚಿತ್ರವಾಗಿ ನಿರ್ದೇಶಿಸಿದರು. ಡಯಾನಾಳಾಗಿ ಆಗ್ನೆಸ್ ಏರ್ಸ್, ಶೇಖನಾಗಿ ಇಟಲಿಯಿಂದ ಬಂದ ರುಡಾಲ್ಫ್ ವ್ಯಾಲೆಂಟಿನೊ ನಟಿಸಿದರು. ಕಾದಂಬರಿಯಲ್ಲಿದ್ದ ಬಲಾತ್ಕಾರವನ್ನು ಚಿತ್ರಕಾರರು ತೆಗೆದುಹಾಕಿದರು. ಇಲ್ಲಿ ಶೇಖನು ಡಯಾನಾಳ ಕಣ್ಣೀರನ್ನು ಕಂಡು ಹಿಮ್ಮೆಟ್ಟುತ್ತಾನೆ. ಮೇಲ್ನೋಟಕ್ಕೆ ಇದು ಶುದ್ಧೀಕರಣವೇ ಸರಿ. ಆದರೆ ಅಪಹರಣ ಉಳಿಯಿತು, ಸೆರೆ ಉಳಿಯಿತು, ಸೆರೆಯಲ್ಲಿ ಹುಟ್ಟುವ ಪ್ರೇಮವೂ ಉಳಿಯಿತು. ಓದುವವರ ಮನಸ್ಸನ್ನು ಚುಚ್ಚಬಹುದಾಗಿದ್ದ ಕೃತ್ಯವೊಂದು ಮಾತ್ರ ಮರೆಯಾಯಿತು. ಹೀಗಾಗಿ ಅವನನ್ನು ಮೆಚ್ಚುವುದಕ್ಕೆ ಇದ್ದ ಕೊನೆಯ ಅಡ್ಡಿಯೂ ತೊಲಗಿತೆಂದು ನಮಗೆ ತೋರುತ್ತದೆ. ಶೇಖನ ಯುರೋಪಿಯನ್ ಜನ್ಮದ ಸಂಗತಿಯನ್ನು ಚಿತ್ರವು ಬಿಡದೆ ಉಳಿಸಿಕೊಂಡಿತು. ಬಿಳಿಯರೂ ಅನ್ಯವರ್ಣದವರೂ ಮದುವೆಯಾಗಬಾರದೆಂಬ ಕಾನೂನು ಅಂದು ಅಮೆರಿಕದ ಅನೇಕ ಸಂಸ್ಥಾನಗಳಲ್ಲಿ ಜಾರಿಯಲ್ಲಿತ್ತು. ಪ್ರೇಕ್ಷಕರಿಗೆ ನಾಯಕನ ಬಲಾತ್ಕಾರಕ್ಕಿಂತ ಅವನ ವರ್ಣವೇ ದೊಡ್ಡ ತೊಡಕಾದೀತೆಂದು ಲೆಕ್ಕ ಹಾಕಿದಂತಿದೆ.

1926ರಲ್ಲಿ ‘ದಿ ಸನ್ ಆಫ್ ದಿ ಶೇಖ್’ ಬಂದಿತು. ತಂದೆ ಮಗ ಇಬ್ಬರ ಪಾತ್ರಗಳನ್ನೂ ವ್ಯಾಲೆಂಟಿನೊ ವಹಿಸಿದರು. ನರ್ತಕಿ ಯಾಸ್ಮಿನ್ ತನಗೆ ದ್ರೋಹವೆಸಗಿದಳೆಂದು ತಪ್ಪಾಗಿ ತಿಳಿದ ಮಗನು ಆಕೆಯನ್ನು ಎಳೆದೊಯ್ದು ಸೇಡು ತೀರಿಸಿಕೊಳ್ಳುತ್ತಾನೆ. ಮುಂದಿನದನ್ನು ಚಿತ್ರವು ಸೂಚಿಸಿ ಸುಮ್ಮನಾಗುತ್ತದೆ. ಆಕೆ ನಿರಪರಾಧಿಯೆಂದು ತಿಳಿದ ಮೇಲೆ ಅವನಿಗೆ ಪಶ್ಚಾತ್ತಾಪವಾಗುತ್ತದೆ. ಹಾಗಾದರೆ ಆಕೆ ಅಪರಾಧಿಯೇ ಆಗಿದ್ದರೆ ಅವನು ಮಾಡಿದ್ದು ನ್ಯಾಯವಾಗುತ್ತಿತ್ತೇ? ಚಿತ್ರವು ಈ ಪ್ರಶ್ನೆಯ ಬಳಿಗೂ ಸುಳಿಯುವುದಿಲ್ಲ. ಅದೇ ವರ್ಷದ ಆಗಸ್ಟ್ 23ರಂದು, ತಮ್ಮ 31ನೆಯ ವಯಸ್ಸಿನಲ್ಲಿ, ವ್ಯಾಲೆಂಟಿನೊ ತೀರಿಕೊಂಡರು. ಅಂತಿಮ ದರ್ಶನಕ್ಕೆ ನ್ಯೂಯಾರ್ಕ್ ನಗರದಲ್ಲಿ ಜನಸಾಗರವೇ ನೆರೆಯಿತು. ‘ಶೇಖ್’ ಎಂಬ ಮಾತು ಇಂಗ್ಲಿಷಿನ ಆಡುನುಡಿಯಲ್ಲಿ ಹೆಂಗಳೆಯರ ಮನಗೆಲ್ಲುವ ತರುಣನೆಂಬ ಅರ್ಥವನ್ನು ಪಡೆಯಿತು.

ಹಾಲಿವುಡ್ಡಿನಲ್ಲಿ 1930ರಲ್ಲಿ ರೂಪುಗೊಂಡು 1934ರಿಂದ ಬಿಗಿಯಾಗಿ ಜಾರಿಗೆ ಬಂದ ನಿರ್ಮಾಣ ಸಂಹಿತೆಯು ಬಲಾತ್ಕಾರವನ್ನು ಸೂಚಿಸುವುದಕ್ಕಿಂತ ಹೆಚ್ಚಾಗಿ ತೋರಿಸಕೂಡದೆಂದು ವಿಧಿಸಿತು. ನಿಯಮವು ಕಣ್ಣಿಗೆ ಕಾಣುವುದನ್ನು ತಡೆಯಿತು. ಕಥೆಯ ತಾತ್ಪರ್ಯವನ್ನು ತಡೆಯಲಾರದಾಯಿತು. ಶೃಂಗಾರ ಕಾದಂಬರಿಯೆನ್ನಲಾಗದ ‘ಗಾನ್ ವಿತ್ ದಿ ವಿಂಡ್’ ಕೂಡ ಇದಕ್ಕೆ ಸಾಕ್ಷಿ. 1939ರ ಆ ಚಿತ್ರದಲ್ಲಿ ಕುಡಿದ ಪತಿಯು ಪ್ರತಿಭಟಿಸುವ ಪತ್ನಿಯನ್ನು ಎತ್ತಿಕೊಂಡು ಮೆಟ್ಟಿಲೇರುತ್ತಾನೆ. ಮರುದಿನ ಬೆಳಿಗ್ಗೆ ಆಕೆಯ ಮೊಗದಲ್ಲಿ ಮಂದಹಾಸ!

ನಮ್ಮ ಶತಮಾನಕ್ಕೆ ಬರೋಣ. ಇ. ಎಲ್. ಜೇಮ್ಸ್ ಎಂಬ ಲೇಖಕಿಯ ‘ಫಿಫ್ಟಿ ಶೇಡ್ಸ್ ಆಫ್ ಗ್ರೇ’ 2011ರಲ್ಲಿ ಪ್ರಕಟವಾಗಿ, 2015ರಲ್ಲಿ ಸ್ಯಾಮ್ ಟೇಲರ್-ಜಾನ್ಸನ್ ಅವರ ನಿರ್ದೇಶನದಲ್ಲಿ ಚಿತ್ರವಾಯಿತು. ಮರುಭೂಮಿಯ ಡೇರೆ ಇಲ್ಲಿ ಕೋಟ್ಯಧೀಶನ ಮಹಡಿಯಾಗಿದೆ. ಜನ್ಮರಹಸ್ಯದ ಸ್ಥಾನದಲ್ಲಿ ಬಾಲ್ಯದ ನೋವು ಬಂದು ಕುಳಿತಿದೆ. ನಾಯಕನು ಕರೆಯದೆ ಬರುತ್ತಾನೆ, ನಾಯಿಕೆಯ ಹಳೆಯ ಮೋಟಾರನ್ನು ಕೇಳದೆ ಮಾರಿಸುತ್ತಾನೆ. ಆದರೂ ಒಂದು ಸಂಗತಿಯನ್ನು ನ್ಯಾಯವಾಗಿ ಹೇಳಬೇಕು. ಮೊದಲ ಚಿತ್ರದ ಕೊನೆಯಲ್ಲಿ ನಾಯಿಕೆ ಬೇಡವೆನ್ನುತ್ತಾಳೆ, ಅವನು ನಿಲ್ಲುತ್ತಾನೆ, ಆಕೆ ಹೊರಟುಹೋಗುತ್ತಾಳೆ. ಆದರೆ 2017 ಮತ್ತು 2018ರ ಮುಂದುವರಿದ ಭಾಗಗಳು ಆಕೆಯನ್ನು ಹಿಂದಕ್ಕೆ ಕರೆತಂದು ಮದುವೆ ಮಾಡಿಸಿದವು. ಭಾರತದ ಸೆನ್ಸಾರ್ ಮಂಡಳಿ 2015ರಲ್ಲಿ ಮೊದಲ ಚಿತ್ರಕ್ಕೆ ಪ್ರಮಾಣಪತ್ರವನ್ನು ನಿರಾಕರಿಸಿತು. ಆದರೆ ಕೈಯೊಳಗಿನ ಫೋನಿನಲ್ಲೇ ಚಿತ್ರಗಳು ದೊರೆಯುವ ಕಾಲದಲ್ಲಿ ನಿಷೇಧದಿಂದಾಗುವ ಪ್ರಯೋಜನ ಅತ್ಯಲ್ಪ.

ಪೋಲೆಂಡಿನ ಬ್ಲಾಂಕಾ ಲಿಪಿನ್ಸ್ಕಾ 2018ರಲ್ಲಿ ಬರೆದ ಕಾದಂಬರಿಯನ್ನಾಧರಿಸಿದ ‘365 ದಿನಗಳು’ 2020ರ ಚಿತ್ರ. ಸಿಸಿಲಿಯ ಪಾತಕಿಗಳ ನಾಯಕನು ಲಾರಾ ಎಂಬಾಕೆಯನ್ನು ಅಪಹರಿಸಿ, ತನ್ನನ್ನು ಪ್ರೀತಿಸಲು ಒಂದು ವರ್ಷದ ಗಡುವು ಕೊಡುತ್ತಾನೆ. ಆಕೆಯ ಒಪ್ಪಿಗೆಯಿಲ್ಲದೆ ಏನನ್ನೂ ಮಾಡೆನೆಂದು ಮಾತು ಕೊಡುತ್ತಾನೆ; ಆ ಮಾತನ್ನಾಡುವಾಗಲೇ ಕೈ ಮುಂದಾಗುತ್ತದೆ. ಅಪಹರಣ ಅತ್ಯಾಚಾರಗಳನ್ನು ಸ್ವತಃ ಅನುಭವಿಸಿದ ವೇಲ್ಸಿನ ಗಾಯಕಿ ಡಫಿ ಅದೇ ವರ್ಷ ನೆಟ್‌ಫ್ಲಿಕ್ಸ್ ಸಂಸ್ಥೆಗೆ ಬಹಿರಂಗ ಪತ್ರ ಬರೆದು, ಇಂಥ ಕ್ರೌರ್ಯವನ್ನು ಮೋಹಕವಾಗಿ ತೋರಿಸುವುದನ್ನು ಖಂಡಿಸಿದರು. ತೆರೆಯ ಮೇಲಿನ ಅಪಹರಣವನ್ನು ಅಪಹೃತಳೊಬ್ಬಳೇ ನೋಡಿ ನುಡಿದ ಮಾತಿಗೆ ಬೇರೆ ಭಾಷ್ಯ ಬೇಡ.

ಇಲ್ಲೊಂದು ಆಕ್ಷೇಪ ಬರಬಹುದು. ನಾವು ಹೆಸರಿಸಿದ ಈ ಕಾದಂಬರಿಗಳನ್ನು ಬರೆದವರೂ ಬಹುಮಟ್ಟಿಗೆ ಓದಿದವರೂ ಸ್ತ್ರೀಯರೇ ಅಲ್ಲವೇ? ಅಹುದು. ಓದುವವಳ ಕಲ್ಪನೆ ಆಕೆಯ ವಶದಲ್ಲಿರುತ್ತದೆ. ಬೇಡವೆನಿಸಿದಾಗ ಪುಸ್ತಕವನ್ನು ಮುಚ್ಚುವಳು. ನಾಯಿಕೆಯ ಭಯ, ಸಂಶಯ, ಸಿಟ್ಟುಗಳನ್ನು ಒಳಗಿನಿಂದಲೇ ಕೇಳುವಳು. ತೆರೆಯ ಮೇಲೆ ಆ ಒಳದನಿ ಅಡಗಿ, ಸುಂದರವಾದ ಒಂದು ಮೊಗ, ಸಂಗೀತ, ಬೆಳಕು ಮುಂದೆ ನಿಲ್ಲುತ್ತವೆ. ಕಾದಂಬರಿಯಲ್ಲಿ ಕನಸಾಗಿದ್ದುದು ಚಿತ್ರದಲ್ಲಿ ನಡೆದ ಸಂಗತಿಯಂತೆ ಕಾಣುತ್ತದೆ.

ವರ್ಷದ ಗಡುವು, ಒಪ್ಪಿಗೆಯ ಮಾತು ಇವೆರಡೂ ನಮ್ಮ ಓದುಗರಿಗೆ ಎಲ್ಲಿಯೋ ಕೇಳಿದಂತಿರಬಹುದು. ವಾಲ್ಮೀಕಿಯ ರಾವಣನು ಸೀತೆಗೆ ಹನ್ನೆರಡು ತಿಂಗಳ ಅವಧಿಯನ್ನಿತ್ತನು. ನಾಗಚಂದ್ರನ ‘ರಾಮಚಂದ್ರಚರಿತಪುರಾಣ’ದಲ್ಲಿ ರಾವಣನು ಒಲ್ಲದ ಪರಸತಿಯನ್ನು ಮುಟ್ಟೆನೆಂಬ ವ್ರತವುಳ್ಳವನು. ರಾಮನಿಗೆ ಒದಗಲಿರುವ ಆಪತ್ತನ್ನು ನೆನೆದು ಸೀತೆ ಮೂರ್ಛೆ ಹೋದಾಗ ಅವನ ಮನಸ್ಸು ತಿರುಗಿ, ತನ್ನ ಕಾರ್ಯಕ್ಕೆ ತಾನೇ ಮರುಗುತ್ತಾನೆ. ಬಿ. ಎಂ. ಶ್ರೀಕಂಠಯ್ಯನವರು ಇವನಲ್ಲಿ ದುರಂತ ನಾಯಕನನ್ನು ಕಂಡರು. ಕವಿಯು ಅಪಹರಿಸಿದವನಿಗೆ ನಮ್ಮ ಮರುಕವನ್ನು ದೊರಕಿಸಿದನು. ಅದಕ್ಕಾಗಿ ಸೀತೆಯ ಮನಸ್ಸನ್ನು ಬದಲಿಸಲಿಲ್ಲ, ಅಪಹರಣವನ್ನು ಪ್ರೇಮವೆಂದು ಕರೆಯಲಿಲ್ಲ. ‘ದಿ ಶೇಖ್’ನ ಪರಂಪರೆ ಎಡವಿದುದು ಇಲ್ಲಿಯೇ. ಅಲ್ಲಿ ನಾಯಕನ ಉದ್ಧಾರಕ್ಕೆ ನಾಯಿಕೆಯ ಇಚ್ಛೆಯನ್ನೇ ಬೆಲೆಯಾಗಿ ತೆತ್ತಿದ್ದಾರೆ.

ಉಪಾಧ್ಯಾಯರು ನಾಗಚಂದ್ರನ ಈ ಭಾಗವನ್ನು ಪಾಠಮಾಡುವಾಗ ಅಲಂಕಾರ, ಛಂದಸ್ಸುಗಳ ಜತೆಗೆ ಈ ಮಾತನ್ನೂ ವಿದ್ಯಾರ್ಥಿಗಳ ಮುಂದಿಡಬಹುದು. ಒಲ್ಲೆನೆಂಬ ನುಡಿಯನ್ನು ಒಲ್ಲೆನೆಂದೇ ಕೇಳುವ ಕಿವಿಯನ್ನು ಹುಡುಗರೂ ಹುಡುಗಿಯರೂ ತರಗತಿಯಲ್ಲಿಯೇ ಪಡೆದರೆ, ತೆರೆಯ ಮೇಲಿನ ನಾಯಕನು ಎಷ್ಟೇ ಚೆಲುವನಾದರೂ ಅವನನ್ನು ಅಳೆಯಬಲ್ಲರು.